ಟ್ಯಾಂಕಿನ ಬಾಯಲ್ಲಿ ನಿಂತವನು

ಘಟಪ್ರಭಾ ನದಿಯ ದಂಡೆಯಲ್ಲಿ ಒಂದು ಸಕ್ಕರೆ ಕಾರ್ಖಾನೆ...

ಮಹಾಂತೇಶ ಮತ್ತು ದಸ್ತಗೀರ ಅಲ್ಲಿ ಒಂದೇ ದಿನ ಕೆಲಸಕ್ಕೆ ಸೇರಿದ ಫಿಟ್ಟರ್‌ಗಳು. ಬುತ್ತಿ ಹಂಚಿಕೊಂಡು ಉಂಡವರು.

ಮಹಾಂತೇಶ ಯಾವ ಕೆಲಸಕ್ಕೂ ಒಲ್ಲೆ ಎಂದವನಲ್ಲ. ಎಷ್ಟೇ ಎತ್ತರವಿರಲಿ, ಸೇಫ್ಟಿ ಬೆಲ್ಟ್ ಕೂಡ ಕಟ್ಟಿಕೊಳ್ಳದೆ ಹತ್ತಿಬಿಡುತ್ತಿದ್ದ.

ದಸ್ತಗೀರ ಹಾಗಲ್ಲ. ಮೊದಲು ಸುತ್ತಲೂ ನೋಡುವನು, ಪ್ರಶ್ನೆ ಕೇಳುವನು. ಸರಿ ಕಾಣದಿದ್ದರೆ ಸಾಹೇಬರ ಎದುರಿಗೇ ಕೆಲಸ ನಿಲ್ಲಿಸುವನು.

ಫೋರ್‌ಮನ್ ಹುದ್ದೆ ಖಾಲಿಯಾದಾಗ, ಅದು ತನಗೇ ಎಂದು ಮಹಾಂತೇಶ ಹೆಂಡತಿಗೆ ಹೇಳಿಯೂ ಬಿಟ್ಟಿದ್ದ.

ಸಿಕ್ಕಿದ್ದು ದಸ್ತಗೀರನಿಗೆ...

ಅಂದು ದಸ್ತಗೀರ ಕೊಟ್ಟ ಪೇಢೆಯನ್ನು ಮಹಾಂತೇಶ ನಗುತ್ತಲೇ ತೆಗೆದುಕೊಂಡ. ಗೇಟು ದಾಟಿದ ಮೇಲೆ ಗಟಾರಕ್ಕೆ ಎಸೆದ.

ಆಮೇಲೆ ಅವನಿಗೆ ಊಟ ರುಚಿಸಲಿಲ್ಲ. ದಸ್ತಗೀರನ ಬಿಳಿ ಹೆಲ್ಮೆಟ್ ದೂರದಿಂದ ಕಂಡರೂ ಸಾಕು, ಹೊಟ್ಟೆಯಲ್ಲಿ ಕಿಚ್ಚು. ಸಾಹೇಬರು ಅವನ ಹೆಗಲ ಮೇಲೆ ಕೈಯಿಟ್ಟು ಮಾತಾಡಿದರೆ, ಆ ಕೈಯನ್ನು ತನ್ನ ಹೆಗಲಿಂದಲೇ ಕಿತ್ತುಕೊಂಡ ಹಾಗೆ...

ಈಗ ಅಂಜುಬುರುಕರಿಗೇ ಕಾಲ ಎಂದು ಕ್ಯಾಂಟೀನಿನಲ್ಲಿ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದ. ದಸ್ತಗೀರ ಕೇಳಿಸಿಕೊಂಡೂ ಸುಮ್ಮನಿರುತ್ತಿದ್ದ. ಆ ಮೌನ ಇವನನ್ನು ಇನ್ನಷ್ಟು ಉರಿಸುತ್ತಿತ್ತು.

ಕಬ್ಬು ಅರೆಯುವ ಹಂಗಾಮು ಮುಗಿದ ಮೇಲೆ, ಸಕ್ಕರೆ ತೆಗೆದು ಉಳಿದ ಪಾಕವಾದ ಕಾಕಂಬಿಯ ಟ್ಯಾಂಕ್ ತೊಳೆಯುವ ಕೆಲಸ ಬಂತು.

ತಳದಲ್ಲಿ ಉಳಿದ ಕಾಕಂಬಿ ಹುಳಿ ಬಂದು, ಕಣ್ಣಿಗೆ ಕಾಣದ ವಿಷಗಾಳಿ ತುಂಬಿರುತ್ತದೆ... ಹೊರಗಿನ ಗಾಳಿ ಊದುವ ಬ್ಲೋವರ್ ಹಚ್ಚಿ, ಒಳಗಿನ ಗಾಳಿ ಪರೀಕ್ಷೆ ಮಾಡುವವರೆಗೆ ಯಾರೂ ಇಳಿಯಬಾರದು ಎಂದು ದಸ್ತಗೀರ ಎಲ್ಲರಿಗೂ ತಾಕೀತು ಮಾಡಿದ. ಮೀಟರ್ ತರಲು ಸ್ಟೋರಿಗೆ ಹೋದ.

ಮಹಾಂತೇಶನಿಗೆ ಇದೇ ಸಮಯ ಅನಿಸಿತು. ಅವನು ಮೀಟರ್ ಹಿಡಿದು ಬರುವುದರೊಳಗೆ ತಾನು ಇಳಿದು ಕೆಲಸ ಶುರು ಮಾಡಿದರೆ... ಎಲ್ಲರೆದುರು ಅವನ ಮುಖ ಹೇಗಾಗಬೇಡ?

ಇಳಿದೇಬಿಟ್ಟ.

ಏಣಿಯ ಕೊನೆಯ ಮೆಟ್ಟಿಲು ಮುಟ್ಟುವ ಮೊದಲೇ ಕಣ್ಣು ಕತ್ತಲಿಟ್ಟಿತು. ಆಮೇಲೆ ಏನೂ ನೆನಪಿಲ್ಲ.

ಎಚ್ಚರವಾದಾಗ ಆಸ್ಪತ್ರೆಯ ಮಂಚ, ಮೂಗಿಗೆ ಆಕ್ಸಿಜನ್...

ಮರುದಿನ ನೋಡಲು ಬಂದ ಜೊತೆಗಾರನೊಬ್ಬ ಕಿವಿಯ ಹತ್ತಿರ ಬಾಗಿ ಹೇಳಿದ: "ನೀ ಒಳಗ ಬಿದ್ದಿದ್ದಿ. ದಸ್ತಗೀರ ಸ್ಟೋರಿಂದ ಬಂದು ಮ್ಯಾಲ ನಿಂತು ನೋಡಕೋಂತ ಇದ್ದ. ತಾನೂ ಇಳೀಲಿಲ್ಲ, ಇಳಿಯೋರನ್ನೂ ಬಿಡಲಿಲ್ಲ."

ಆಕ್ಸಿಜನ್ ಮಾಸ್ಕ್ ಹಾಕಿಕೊಂಡವರು ಬಂದು ಇಳಿಯುವವರೆಗೂ ಹಾಗೇ ನಿಂತಿದ್ದನಂತೆ.

ಮಹಾಂತೇಶ ಗೋಡೆಯ ಕಡೆ ತಿರುಗಿ ಮಲಗಿದ. ತಾನು ಸತ್ತರೆ ಅವನಿಗೇನು... ಮುಂದಿನ ಬಡ್ತಿಗೆ ಪೈಪೋಟಿಯೇ ಇರುವುದಿಲ್ಲ. ಹುದ್ದೆ ಕಸಿದುಕೊಂಡದ್ದು ಸಾಲದೆ, ಪ್ರಾಣವೂ ಹೋಗಲಿ ಎಂದು ಕಾದನಲ್ಲ ಎಂದು ಒಳಗೊಳಗೇ ಬೆಂದ.

ಸಂಜೆ ದಸ್ತಗೀರನೇ ಬಂದ. ಅವನ ಹಿಂದೆ ಮಹಾಂತೇಶನ ತಮ್ಮ ಈರಣ್ಣ. ಅವನೂ ಅದೇ ಕಾರ್ಖಾನೆಯಲ್ಲಿ ವೆಲ್ಡರ್.

"ಮ್ಯಾಲ ನಿಂತು ನೋಡಿದೆಂತಲ್ಲೋ... ಚಲೋ ಕಾಣತಿತ್ತೇನ?" ಎಂದ ಮಹಾಂತೇಶ, ಮುಖ ತಿರುಗಿಸದೆ.

ದಸ್ತಗೀರ ತಂದಿದ್ದ ಎಳನೀರನ್ನು ಮೇಜಿನ ಮೇಲಿಟ್ಟ.

ಮಹಾಂತೇಶ ಹೊರಳಿದಾಗ ಕಂಡಿತು... ಅವನ ಬಲಗೈಗೆ ದಪ್ಪ ಬ್ಯಾಂಡೇಜು.

ಏನಾಯಿತು ಎಂದು ಮಹಾಂತೇಶ ಕೇಳುವ ಮೊದಲೇ ಈರಣ್ಣ ತಲೆ ತಗ್ಗಿಸಿದ.

"ನಾನ ಕಡದೀನಣ್ಣಾ... ನೀ ಬಿದ್ದದ್ದು ನೋಡಿ ಇಳ್ಯಾಕ ಹೊಂಟಿದ್ದೆ. ದಸ್ತಗೀರಣ್ಣ ಸೊಂಟ ಹಿಡಕೊಂಡ್ರು. ಬೈದೆ, ಗುದ್ದಿದೆ, ಕಡದೆ... ರಕ್ತ ಬಂದ್ರೂ ಬಿಡಲಿಲ್ಲ."

ಈರಣ್ಣನನ್ನು ಹಾಗೆ ಅವುಚಿ ಹಿಡಿದುಕೊಂಡೇ ದಸ್ತಗೀರ ಬ್ಲೋವರ್ ಹಚ್ಚಿಸಿದ್ದ, ಮಾಸ್ಕಿನವರನ್ನು ಕರೆಸಿದ್ದ. ಆ ಬ್ಲೋವರಿನ ಗಾಳಿಯೇ ಮಹಾಂತೇಶನ ಉಸಿರು ಉಳಿಸಿತ್ತು.

ದಸ್ತಗೀರ ಮೆಲ್ಲಗೆ ಬಾಯಿ ಬಿಟ್ಟ. "ನಿನ್ನ ಕೈ ಮ್ಯಾಲಿಂದ ಕಾಣತಿತ್ತು ಮಾಂತ್ಯಾ. ಜಿಗೀಬೇಕಂತ ನನಗೂ ಅನಿಸ್ತು. ನಾ ಜಿಗದಿದ್ರ ಇವನ್ನ ಯಾರು ಹಿಡೀತಿದ್ರು? ಮೂರು ಹೆಣ ತೆಗೀಬೇಕಾಗತಿತ್ತು..."

ಎಡಗೈಯಿಂದ ಈರಣ್ಣನನ್ನು ಮಂಚದ ಹತ್ತಿರಕ್ಕೆ ಎಳೆದ.

ಮಹಾಂತೇಶ ತಮ್ಮನನ್ನೇ ನೋಡಿದ. ಎದುರಿಗೆ ನಿಂತಿದ್ದಾನೆ, ಉಸಿರಾಡುತ್ತಿದ್ದಾನೆ, ಅಂಗಿಯ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಾನೆ...

ಬ್ಯಾಂಡೇಜಿನ ಆ ಕೈಯನ್ನು ಎಳೆದು ಹಣೆಗೆ ಒತ್ತಿಕೊಂಡು ಮಹಾಂತೇಶ ಅತ್ತುಬಿಟ್ಟ.

"ನಿನ್ನ ಜಾಗದಾಗ ನಾ ಇದ್ದಿದ್ರ, ಇವನ್ನ ಬಿಟ್ಟುಬಿಡ್ತಿದ್ದೆ ದಸ್ತಗೀರ. ಇವನ ಹಿಂದ ನಾನೂ ಜಿಗೀತಿದ್ದೆ..."

ಆ ಹುದ್ದೆ ತನಗೇಕೆ ಸಿಗಲಿಲ್ಲ ಎಂಬುದನ್ನು ಆಮೇಲೆ ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ.

ಅಪಾಯಕ್ಕೆ ಧುಮುಕಲು ಒಂದು ಕ್ಷಣದ ಹುಂಬತನ ಸಾಕು... ಧುಮುಕುವವರನ್ನು ತಡೆದು ನಿಲ್ಲಲು ಗಟ್ಟಿ ಗುಂಡಿಗೆ ಬೇಕು.

"ಬೇಡ, ನಿಲ್ಲು" ಎಂದು ನಿಮ್ಮನ್ನು ತಡೆದ ಯಾರ ಮೇಲಾದರೂ ನಿಮಗೆ ಇನ್ನೂ ಹೊಟ್ಟೆಕಿಚ್ಚು ಉಳಿದಿದೆಯೇ?