ಪತ್ತಿರಿ ಒತ್ತುವ ಕೈ

ಪರದೆಯ ಮೇಲೆ ಮಗುವಿನ ಮಿದುಳಿಗೆ ಹೋಗುವ ರಕ್ತ ಒಂದೊಂದು ಬಡಿತಕ್ಕೂ ಚಿಮ್ಮುತ್ತಿತ್ತು, ಎರಡು ಬಡಿತಗಳ ನಡುವೆ ಪೂರ್ತಿ ನಿಂತುಹೋಗುತ್ತಿತ್ತು. ಡಾಕ್ಟರ್ ಷೀಬಾ ಸ್ಕ್ಯಾನಿನ ಹಿಡಿಯನ್ನು ಸಫಿಯಾಳ ಹೊಟ್ಟೆಗೆ ಇನ್ನಷ್ಟು ಒತ್ತಿ ನೋಡಿದರು. ಹಾಗೇ ಇತ್ತು. ಹೆರಿಗೆ ನೋವು ಈಗಷ್ಟೇ ಶುರುವಾಗಿತ್ತು. ಮಗು ಮೊದಲೇ ಸಣ್ಣದು. ಕಂಡದ್ದು ನಿಜವಾದರೆ ಈಗಲೇ ಹೊಟ್ಟೆ ಕೊಯ್ದು ತೆಗೆಯಬೇಕು.

"ಥಿಯೇಟರಿಗೆ ಹೇಳ್ಲಾ, ಮೇಡಂ?" ನರ್ಸ್ ಓಮನ ಫೋನೆತ್ತಿದಳು.

"ಏನ್ ಡಾಕ್ಟ್ರೇ, ನನ್ನ ಹೊಟ್ಟೇನ ಪತ್ತಿರಿ ರೊಟ್ಟಿ ಹಿಟ್ಟು ಅನ್ಕೊಂಡ್ರಾ?" ಸಫಿಯಾ ನೋವಿನಲ್ಲೂ ನಕ್ಕಳು. "ಹಿಂಗೆ ಒತ್ತಿದ್ರೆ ತೆಳ್ಳನೆ ಅಕ್ಕಿ ಪತ್ತಿರಿ ಹರಿದೇ ಹೋಗುತ್ತೆ. ತಲಚೇರೀಲಿ ಯಾವ ತಾಯೀನೂ, ಯಾವ ಉಮ್ಮಾನೂ ನಿಮ್ಮನ್ನ ಒಲೆ ಹತ್ರ ಬಿಟ್ಕೊಳ್ಳಲ್ಲ!"

ಷೀಬಾ ತಮ್ಮ ಕೈ ನೋಡಿಕೊಂಡರು. ಬೆರಳ ಗೆಣ್ಣು ಬೆಳ್ಳಗಾಗಿತ್ತು. ಎಳೆ ತಲೆಯನ್ನು ಹೀಗೆ ಅದುಮಿದರೆ ರಕ್ತ ನಿಲ್ಲದೆ ಇನ್ನೇನು? ಕಲಿಯಲು ಬಂದವರಿಗೆ ಅವರೇ ದಿನಾ ಹೇಳುವ ಮಾತು ಅದು.

"ಫೋನ್ ಇಡು, ಓಮನ."

ನೋವು ಇಳಿಯುವವರೆಗೆ ಕಾದು, ಹಿಡಿಯನ್ನು ಚರ್ಮಕ್ಕೆ ಸುಮ್ಮನೆ ತಾಗಿಸಿದರು. ಬಡಿತಗಳ ನಡುವಿನ ಖಾಲಿ ಜಾಗ ತುಂಬಿಕೊಂಡಿತು. ರಕ್ತ ಎಡೆಬಿಡದೆ ಹರಿಯಿತು. ಇನ್ನೊಮ್ಮೆ ನೋಡಿದರು. ಅದೇ.

"ಆಪರೇಷನ್ ಬೇಡ. ಮಗು ಗಟ್ಟಿ ಇದೆ, ಎದ್ದು ಓಡಾಡಮ್ಮ," ಎಂದರು. "ಪತ್ತಿರಿ ಕಲಿಯೋಕೆ ನಿಮ್ಮ ಉಮ್ಮನ ಹತ್ರ ನಾನೇ ಬರ್ತೀನಿ."