ಮಡಿಲಿಗೆ ಸರಿದ ಕೈಗಳು

ಅಮ್ಮನ ನೆರಳು ಬಟ್ಟೆಯ ಮೇಲೆ ಬಿದ್ದದ್ದೇ ತಡ, ಮಗಳು ಹೊಲಿಗೆ ಮಷಿನ್ ನಿಲ್ಲಿಸಿ ಎರಡೂ ಕೈಗಳನ್ನು ಮಡಿಲಿಗೆ ಎಳೆದುಕೊಂಡಳು. ಅಮ್ಮ ಸರಿಮಾಡಲಿ ಎಂದು ಕಾಯುತ್ತಾ ಕೂತಳು.

ಅಮ್ಮ ಬೀದಿಗೆಲ್ಲ ಬಟ್ಟೆ ಹೊಲಿದುಕೊಡುವವಳು. ಎರಡು ವರ್ಷದಿಂದ ಮಗಳ ಪಕ್ಕದಲ್ಲೇ ನಿಂತು "ಸೊಟ್ಟ ಹೋಯ್ತು ನೋಡು", "ನಿಧಾನ ತುಳಿ", "ಬಿಡು, ನಾನೇ ತೋರಿಸ್ತೀನಿ" ಎನ್ನುತ್ತಲೇ ಬಂದಿದ್ದಳು. ಹೊಲಿಗೆ ಮಾತ್ರ ಸೊಟ್ಟಗೇ ಓಡುತ್ತಿತ್ತು. ಚಿಕ್ಕಮ್ಮನ ಮನೆಯಲ್ಲಿ ಹದಿನೈದು ದಿನ ಇದ್ದು ಬಂದವಳ ಹೊಲಿಗೆ ಇವತ್ತು ಗೆರೆ ಎಳೆದಂತಿತ್ತು.

"ನಿನ್ನ ಚಿಕ್ಕಮ್ಮಂಗೆ ಒಂದು ಗುಂಡಿ ಹಾಕೋಕೂ ಬರಲ್ಲ. ಅದೇನು ಹೇಳಿಕೊಟ್ಟಳೇ?"

"ಏನೂ ಇಲ್ಲಮ್ಮ. ಅಲ್ಲಿದ್ದ ಹಳೇ ಮಷಿನ್ ಮೇಲೆ ನಾನು ಹೊಲೀತಿದ್ರೆ, ಅವರ ಪಾಡಿಗೆ ಅವರು ತರಕಾರಿ ಹೆಚ್ಚುತ್ತಾ ಕೂತಿರ್ತಿದ್ರು. ತೋರಿಸಬೇಕು ಅನ್ನಿಸಿದಾಗ ತೋರಿಸು ಅಂದ್ರು. ಚೆನ್ನಾಗಿ ಬಂದಿದ್ದನ್ನ ತೋರಿಸ್ತಿದ್ದೆ. ಸೊಟ್ಟ ಹೋಗಿದ್ದು ನಂಗೇ ಗೊತ್ತಾಗುತ್ತಲ್ಲ."

ಬಟ್ಟೆಯತ್ತ ಚಾಚಿದ್ದ ಅಮ್ಮನ ಕೈ ಅಲ್ಲೇ ನಿಂತಿತು. ತನ್ನನ್ನು ಕಂಡೊಡನೆ ಮಗಳು ಹೀಗೆ ಕೈ ಮಡಿಲಿಗೆ ಸರಿಸುವುದನ್ನು ಅವಳು ಇಷ್ಟು ದಿನ ಮಾತು ಕೇಳುವ ಗುಣ ಎಂದುಕೊಂಡಿದ್ದಳು.

"ನಾನು ಒಳಗಿರ್ತೀನಿ," ಎಂದಳು. "ಬೇಕು ಅನ್ನಿಸಿದ್ರೆ ಕರಿ."

ಅಡುಗೆಮನೆಯಲ್ಲಿ ತೊಳೆದ ಲೋಟವನ್ನೇ ಮತ್ತೆ ತೊಳೆಯುತ್ತಾ ನಿಂತಳು. ಮಷಿನ್ ಸ್ವಲ್ಪ ಹೊತ್ತು ಓಡಿ ನಿಂತಿತು. ಕತ್ತರಿ ದಾರ ತುಂಡರಿಸಿದ ಸದ್ದು ಕೇಳಿತು. ಅಮ್ಮ ನಲ್ಲಿ ನಿಲ್ಲಿಸಿ, ಕೈ ಒರೆಸಿಕೊಂಡು, ಬಾಗಿಲಿನ ಕಡೆ ನೋಡುತ್ತಾ ಕಾದಳು.

ಮಗಳು ಕರೆಯಲಿಲ್ಲ. ಮಷಿನ್ ಮತ್ತೆ ಓಡತೊಡಗಿತು.