ನಗು ಕೇಳಿದರೆ ಒಂದು ಗುಟುಕು

ಸತ್ತವರೆಲ್ಲ ಟಿವಿಯ ನಗೆಯಾಟಕ್ಕೆ ಪ್ರೇಕ್ಷಕರಾಗಿ ಹೋಗತೊಡಗಿದ ಮೇಲೆ ಶನಿವಾರದ ಪಾರ್ಟಿಗಳಲ್ಲಿ ಒಂದೇ ನಿಯಮ: ನಮ್ಮವರ ನಗು ಕೇಳಿದರೆ ಒಂದು ಗುಟುಕು. ಪರದೆಯಲ್ಲಿ ಅವರ ಸಾಲುಗಳು ಬರೀ ಮಂಜಿನಂತೆ ಕಾಣುತ್ತಿದ್ದವು.

ಗಂಗೂ ವೈನಿಯ ಗಂಡ ಆ ಮಂಜಿನೊಳಗಿನಿಂದ ಎಲ್ಲದಕ್ಕೂ ನಗುತ್ತಿದ್ದ; ಅವಳಾಗಲೇ ತೂಗಾಡುತ್ತಿದ್ದಳು. ಗಂಡ ತೀರಿಹೋಗಿ ತಿಂಗಳಾಗಿದ್ದ ಸುಮೇಧಾಳ ಗ್ಲಾಸು ಮಾತ್ರ ತುಂಬಿಯೇ ಇತ್ತು. ಅವನು ಅಲ್ಲಿಗೆ ತಲುಪಿದ್ದಾನೋ ಇಲ್ಲವೋ, ಅವಳಿಗೆ ತಿಳಿಯದು.

“ಏನವಾ, ನಿನ್ನ ಗಂಡಗ ಅಲ್ಲೂ ಬಿಗುಮಾನೇನು?” ವೈನಿ ಕೆಣಕಿದಳು.

“ಅವಗ ಜೋಕು ತಿಳಿಯೂದು ತಡ, ವೈನಿ.”

ಪರದೆಯಲ್ಲಿ ಸ್ಪರ್ಧಿ ಕೆಸರಿಗೆ ಬಿದ್ದ. ಪ್ರೇಕ್ಷಕರೆಲ್ಲ ನಕ್ಕು ಸುಮ್ಮನಾದರು. ನಿರೂಪಕ ಕೈಮುಗಿದು ಹೊರಟ. ವೈನಿ ರಿಮೋಟು ಎತ್ತಿಕೊಂಡಳು.

ಆಗ ಮಂಜಿನ ಹಿಂದಿನ ಸಾಲಿನಿಂದ ಒಬ್ಬನೇ ಒಬ್ಬ ಬಿದ್ದುಬಿದ್ದು ನಕ್ಕ.

ನಿಯಮ ಒಂದು ಗುಟುಕಿನದು. ಸುಮೇಧಾ ಗ್ಲಾಸನ್ನೇ ಬರಿದು ಮಾಡಿದಳು.